ನಾಲ್ಕನೆಯ ಮನೆ

ಏಪ್ರಿಲ್ ಬಂದರೂ ಹ್ಯಾನ್ಕಾಕಿನ ಬೀದಿಯಂಚಿಗೆ
ಹಿಮದ ಗುಡ್ಡೆ ಮಸಿ ಬಳಿದುಕೊಂಡು ಕೂತೇ ಇತ್ತು.
ಕಾಂಗಸ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ
ಮೊಳೆ, ಮೀನುಗಾಳ, ಬಣ್ಣದ ಡಬ್ಬಗಳಾಚೆ
ಬೀಗ ಹಾಕಿದ ಗಾಜಿನ ಕಪಾಟು. ಅದರ ಮುಂದೆ ನಾನು,
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಪಿಂಚಣಿಯನ್ನು ಬೆರಳಲ್ಲೇ ಎಣಿಸುತ್ತ.

ನನ್ನದು ಆರು ಮನೆಯ ಹಳೇ ರಿವಾಲ್ವರ್,
ಹಿಮ ನೂಕುವ ಯಂತ್ರ ಕೊಟ್ಟು ಪಡೆದದ್ದು.
ಯಾರನ್ನೂ ಹೆದರಿಸಲಿಕ್ಕಲ್ಲ.
ಕಾಗದದ ಮೇಲಿನ ಕರಿ ಚುಕ್ಕಿಯ ಜೊತೆ
ನನಗೊಂದು ಜಗಳವಿದೆ, ಅಷ್ಟೆ.

ಡೆಲ್ಬರ್ಟ್ ಒಂದೊಂದೇ ಇಳಿಸಿಟ್ಟ.
ಬೆಳ್ಳಿಯಂತೆ ಹೊಳೆಯುವುದು, ಮೂತಿಯಲ್ಲಿ ಕುಳಿಯಿರುವುದು:
ಇಪ್ಪತ್ತಕ್ಕೇ ವಾರದ ದಿನಸಿಯ ದುಡ್ಡು.
'ಕಾಗದಕ್ಕೆ ಇಷ್ಟು ಮರ್ಯಾದೆ ಬೇಡಪ್ಪ' ಎಂದೆ.
ಚಪ್ಪಟೆ ಮೂತಿಯ ಸೀಸದ್ದು:
ರೈಲಿನ ಟಿಕೆಟ್ಟಿಗೆ ಹೊಡೆದ ಹಾಗೆ ದುಂಡನೆ ತೂತು,
ಗುರಿಕಾರರೆಲ್ಲ ಮೆಚ್ಚುವಂಥದ್ದು. ಮೆಚ್ಚುಗೆಗೂ ಬೆಲೆಯಿದೆ.
ಕೊನೆಗೆ, ಕೆಳಗಿನ ಅರೆಯಿಂದ,
ಮೂಲೆ ಜಜ್ಜಿದ ರಟ್ಟಿನ ಪೆಟ್ಟಿಗೆ.
ಹೆಸರು ಕೇಳದ ಕಂಪನಿ. ಐವತ್ತು ತೋಟಾ. ಅರ್ಧ ಬೆಲೆ.
ಡೆಲ್ಬರ್ಟ್ ಏನೂ ಹೇಳಲಿಲ್ಲ, ಅದೇ ಹೇಳಿದಂತಾಯಿತು.
ಕಾಸಿಗೆ ತಕ್ಕ ಕಜ್ಜಾಯ, ಗೊತ್ತಿತ್ತು.
ಕೊಂಡೆ.

ಭಾನುವಾರ, ಪಾಳು ಬಿದ್ದ ಜಲ್ಲಿ ಕ್ವಾರಿ.
ಜೊತೆಗೆ ಲೆಂಪಿ, ಅಂಚೆ ಕಚೇರಿಯಲ್ಲಿ
ಮುದ್ರೆ ಒತ್ತೊತ್ತಿ ಮಣಿಕಟ್ಟು ಗಟ್ಟಿಯಾದವಳು.
ಹದಿನೈದು ಗಜ. ಕಿವಿಗೆ ಮುಚ್ಚಳ.
ಹೊಗೆಯೋ ಹೊಗೆ. ಉರಿಯದ ಮದ್ದಿನ ಕಾಳು
ಸಾಸಿವೆಯಂತೆ ಸಿಡಿದು ಮುಂಗೈಗೆ ಅಂಟಿದವು.
ಒಂದು. ಎರಡು. ಮೂರು.
ನಾಲ್ಕನೆಯದು

ಟಿಕ್.

ಸಿಡಿಯಲಿಲ್ಲ. ಆದರೂ ಕೊಳವೆ
ತಾನಾಗಿಯೇ ನೆಲ ನೋಡಿತು,
ಬಯ್ಯುವ ಮೊದಲೇ ತಲೆ ತಗ್ಗಿಸುವ
ನನ್ನ ಬಸ್ಸಿನ ಹಿಂದಿನ ಸೀಟಿನ ಹುಡುಗನ ಹಾಗೆ.

ಇಂಥ ಹೊತ್ತಿನಲ್ಲಿ ಮೂತಿಯನ್ನು ದಿಬ್ಬದತ್ತಲೇ ಹಿಡಿದು
ಒಂದು ನಿಮಿಷ ಕಾಯಬೇಕು. ಒಳಗೆ ಕಿಡಿ ಇನ್ನೂ ತೂಕಡಿಸುತ್ತಿರಬಹುದು.
ಕಾದೆ. ಕಾಯುತ್ತ ಲೆಕ್ಕ ಹಾಕಿದೆ:
ಎರಡು ಚಳಿಗಾಲ, ಪ್ರತಿ ತೂತೂ ಕೆಳಗೆ, ಎಡಕ್ಕೆ.
ಕನ್ನಡಕವನ್ನು ಬೈದಿದ್ದೆ. ಸರೋವರದ ಗಾಳಿಯನ್ನು ಬೈದಿದ್ದೆ.
ಯಂತ್ರ ಕೊಂಡೊಯ್ದ ಆ ಬಡಪಾಯಿಯನ್ನೂ.
ಸಿಡಿದ ಗುಂಡೆಲ್ಲ ನನ್ನ ಅಂಜಿಕೆಯನ್ನು
ತನ್ನ ಸದ್ದಿನೊಳಗೆ ಬಚ್ಚಿಟ್ಟುಕೊಟ್ಟಿತ್ತು.
ಸಿಡಿಯದ ಒಂದು ಚಾಡಿ ಹೇಳಿತು.

ಐವತ್ತರಲ್ಲಿ ಮೂರು ಠುಸ್ಸು. ಪುಸ್ತಕದಲ್ಲಿ ಬರೆದುಕೊಂಡೆ.

ಶುಕ್ರವಾರ ಡೆಲ್ಬರ್ಟ್ ದುಡ್ಡು ವಾಪಸು ಕೊಡಲು ಬಂದ,
ಬೇಡವೆಂದೆ. ನಡುವಿನ ಅರೆಯದನ್ನು ಕೇಳಿದೆ:
ಹಿತ್ತಾಳೆಯ ಮೈ, ದುಂಡು ಮೂತಿ, ನಾಲ್ಕು ಜನ ಬಲ್ಲ ಹೆಸರು,
ಹೊಳಪಿಲ್ಲ, ಹೊಗೆ ಕಮ್ಮಿ, ಕೈ ಕೊಡುವುದಿಲ್ಲ.
ಎರಡು ಶನಿವಾರದ ಪ್ಯಾಸ್ಟಿ ಬಿಟ್ಟರಾಯಿತು.
ಮನೆಯಲ್ಲಿ ಹೇಗೂ ಬೀಟ್‌ರೂಟ್ ಇದೆ.

ಈಗ ನಾನು ಬೆನ್ನು ತಿರುಗಿಸಿ ನಿಲ್ಲುತ್ತೇನೆ.
ಲೆಂಪಿ ಐದು ಒಳ್ಳೆಯವನ್ನು ತುಂಬುತ್ತಾಳೆ,
ಒಂದು ಮನೆಯಲ್ಲಿ ಬರೀ ಖಾಲಿ ಚಿಪ್ಪು.
ಚಕ್ರ ತಿರುಗಿಸಿ ಮುಚ್ಚಿ ಕೈಗಿಡುತ್ತಾಳೆ,
ಮುಖದಲ್ಲಿ ಏನೂ ತೋರದೆ,
ಯಾರದೋ ಸಾವಿನ ತಂತಿಯನ್ನು ಬಟವಾಡೆಗೆ ಕೊಟ್ಟಂತೆ.

ಸಿಡಿತ. ಸಿಡಿತ. ಟಿಕ್.
'ಬಗ್ಗಿತು' ಎನ್ನುತ್ತಾಳೆ.
'ಮೊದಲಿನಷ್ಟಿಲ್ಲ' ಎನ್ನುತ್ತೇನೆ.
'ಬಗ್ಗಿತು' ಎನ್ನುತ್ತಾಳೆ.

ತಣ್ಣೀರಲ್ಲಿ ಸೀಸ ತೊಳೆದುಕೊಂಡು ಕಾಫಿಗೆ ಕೂತಾಗ
ತೋಟಾ ಒಂದಕ್ಕೆ ಎಷ್ಟು ಬಿತ್ತು ಎಂದು ಬರೆಯುತ್ತೇನೆ.
ಖಾಲಿ ಚಿಪ್ಪಿನ ಬಾಬ್ತು ಮಾತ್ರ
ಯಾವ ಕಲಮಿಗೆ ಹಾಕಬೇಕೋ ತಿಳಿಯದೆ
ಪೆನ್ಸಿಲು ಹಾಗೇ ನಿಲ್ಲುತ್ತದೆ.